ಚಿಣ್ಣರ ಶಾಲೆಗೆ ಹೊರಟ ಕ್ಲಬ್ಬಿನವರಿಗೆ

ತಿರುಮಕೂಡಲು ನರಸೀಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಮತ್ತು ಪ್ಲೈವುಡ್ ಅಂಗಡಿ. ಊರಿನ ಸೇವಾ ಕ್ಲಬ್ಬೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಎರಡು ಅವಧಿ ಕಾರ್ಯದರ್ಶಿಯೂ ಆಗಿದ್ದೆ. ರೋಟರಿ, ಲಯನ್ಸ್, ಇನ್ನರ್ ವೀಲ್ ಯಾವುದೇ ಇರಲಿ, ಪುಟ್ಟ ಮಕ್ಕಳ ಶಾಲೆಗೆ ಭೇಟಿ ಕೊಡುವ ಕಾರ್ಯಕ್ರಮವನ್ನು ವರ್ಷಕ್ಕೊಮ್ಮೆಯಾದರೂ ಎಲ್ಲರೂ ಹಾಕಿಕೊಳ್ಳುತ್ತಾರೆ. ಅದನ್ನು ಹೇಗೆ ಮಾಡಬಾರದು ಅಂತ ನಮಗೆ ಗೊತ್ತಾಗಿದ್ದು ಹಾಗೆ ಮಾಡಿದ ಮೇಲೆ. ಹೇಗೆ ಮಾಡಬಹುದು ಅನ್ನುವುದಕ್ಕೆ ಇನ್ನೂ ಮೂರು ಭೇಟಿ ಬೇಕಾಯಿತು.

ಮೊದಲ ಸಲದ್ದು ಹೇಳಿಬಿಡುತ್ತೇನೆ. ಮೈಸೂರಿನ ಒಂದು ಮಾಂಟೆಸ್ಸರಿ ಶಾಲೆ. ನಾವು ಇಪ್ಪತ್ತಮೂರು ಮಂದಿ ಮಿನಿ ಬಸ್ಸಿನಲ್ಲಿ ಹೋದೆವು. ಬ್ಯಾನರ್, ಶಾಲು, ಹಾರ, ಫಲತಾಂಬೂಲದ ತಟ್ಟೆ, ಎರಡು ಬಾಕ್ಸ್ ಬಿಸ್ಕತ್ತು. ಬೆಳಗ್ಗೆ ಹತ್ತೂವರೆಗೆ ಒಟ್ಟಿಗೇ ತರಗತಿಯೊಳಗೆ ನುಗ್ಗಿದೆವು. ನಾಲ್ಕು ವರ್ಷದ ಹುಡುಗನೊಬ್ಬ ಚಾಪೆಯ ಮೇಲೆ ಗುಲಾಬಿ ಬಣ್ಣದ ಮರದ ಘನಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಒಂಬತ್ತು ಇಟ್ಟಿದ್ದ. ಹತ್ತನೆಯದು, ಎಲ್ಲಕ್ಕಿಂತ ಚಿಕ್ಕದು, ಅವನ ಎರಡು ಬೆರಳ ನಡುವೆ ಇತ್ತು. ಕೈ ಸ್ವಲ್ಪ ನಡುಗುತ್ತಿತ್ತು. ನಮ್ಮ ಹಿರಿಯ ಸದಸ್ಯರೊಬ್ಬರು ಪ್ರೀತಿಯಿಂದಲೇ ಬಗ್ಗಿ, “ಇಲ್ಲಿಡು ಪುಟ್ಟ” ಅಂತ ಅವನ ಕೈಯಿಂದ ತೆಗೆದು ತಾವೇ ಇಟ್ಟುಬಿಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹುಡುಗ ಅಳಲಿಲ್ಲ. ಘನಗಳನ್ನೆಲ್ಲ ಒಂದೊಂದಾಗಿ ಕಪಾಟಿಗೆ ಹೊತ್ತುಕೊಂಡು ಹೋಗಿ ಇಟ್ಟ. ಚಾಪೆ ಸುತ್ತಿದ. ಹೋಗಿ ಕಿಟಕಿಯ ಹತ್ತಿರ ಕೂತುಬಿಟ್ಟ.

ಹೊರಡುವಾಗ ಅಲ್ಲಿಯ ಟೀಚರಮ್ಮ ನನ್ನೊಬ್ಬನಿಗೇ ಮೆಲ್ಲಗೆ ಹೇಳಿದರು: “ಆ ಕೊನೇದನ್ನ ಬೀಳದ ಹಾಗೆ ಇಡೋಕೆ ಎರಡು ವಾರದಿಂದ ನೋಡ್ತಿದ್ದ ಸಾರ್. ಇವತ್ತು ಇಟ್ಟುಬಿಡ್ತಿದ್ದ.”

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ. ಮುಂದೆ ಹೇಳುವುದೆಲ್ಲ ಆ ಹತ್ತನೇ ಘನದಿಂದಲೇ ಹುಟ್ಟಿದ್ದು.

ಹೋಗುವ ಮುಂಚೆ

ಮೊದಲು ಕಾಲ ನೋಡಿ. ನಮ್ಮ ಕ್ಲಬ್ಬುಗಳ ವರ್ಷ ಶುರುವಾಗುವುದು ಜುಲೈ 1ಕ್ಕೆ. ಪದಗ್ರಹಣ ಆದ ಹುಮ್ಮಸ್ಸಿನಲ್ಲಿ ಅದೇ ತಿಂಗಳು ಶಾಲೆ ಭೇಟಿ ಇಟ್ಟುಕೊಳ್ಳುತ್ತೇವೆ. ಪುಟ್ಟ ಮಕ್ಕಳ ಶಾಲೆಗೆ ಅದು ಕೆಟ್ಟ ಸಮಯ. ಜೂನಿನಲ್ಲಿ ಸೇರಿದ ಮಗು ಅಮ್ಮನ ಸೆರಗು ಬಿಟ್ಟು ಈಗಷ್ಟೇ ಒಳಗೆ ಕಾಲಿಡುತ್ತಿರುತ್ತದೆ. ಆಗ ಇಪ್ಪತ್ತು ಅಪರಿಚಿತ ಮುಖ ಕಂಡರೆ ಆ ವಾರದ ಕೆಲಸವೆಲ್ಲ ಹಾಳು. ದಸರಾ ರಜೆ ಮುಗಿದು ಮಕ್ಕಳು ಕುದುರಿಕೊಂಡ ಮೇಲೆ, ನವೆಂಬರಿನಿಂದ ಜನವರಿಯೊಳಗೆ ಹೋಗಿ.

ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಿರಿ, ತಪ್ಪಿಲ್ಲ. ಆದರೆ ಅದಕ್ಕೂ ಮುಂಚೆ ಒಬ್ಬರೇ ಒಬ್ಬರು ಮಧ್ಯಾಹ್ನ ಮಕ್ಕಳು ಹೋದ ಮೇಲೆ ಶಾಲೆಗೆ ಹೋಗಿ ಮುಖ್ಯ ಟೀಚರ ಹತ್ತಿರ ಮಾತಾಡಿ ಬನ್ನಿ. ಕೇಳಬೇಕಾದ್ದು ಮೂರೇ: ಒಂದು ಸಲಕ್ಕೆ ಎಷ್ಟು ಜನ ಒಳಗೆ ಕೂರಬಹುದು, ಎಷ್ಟು ಹೊತ್ತು, ಎಲ್ಲಿ. ನಾವು ಎರಡನೇ ಸಲ ಕೇಳಿದಾಗ “ಇಬ್ಬರು, ಇಪ್ಪತ್ತು ನಿಮಿಷ, ಬಾಗಿಲ ಪಕ್ಕದ ಕುರ್ಚಿ” ಅಂದರು. ಹಾಗಾದರೆ ಇಪ್ಪತ್ತಮೂರು ಮಂದಿ ಹೋಗುವುದು ಹೇಗೆ? ಹೋಗುವುದು ಬೇಡ. ಆರು ಜನ ಸಾಕು. ಇಬ್ಬಿಬ್ಬರಂತೆ ಮೂರು ಸರದಿಗೆ ಒಂದು ಗಂಟೆ. ಮಿಕ್ಕವರಿಗೆ ಮುಂದಿನ ತಿಂಗಳು. ಈ ಮಾತು ಕ್ಲಬ್ಬಿನ ಸಭೆಯಲ್ಲಿ ಹೇಳಿದಾಗ ಕೆಲವರಿಗೆ ಬೇಸರವಾಯಿತು, ನಿಜ. ಆರು ಜನರಲ್ಲಿ ಒಬ್ಬರು ಬಡಗಿ ಕೆಲಸ ಬಲ್ಲವರು, ಒಬ್ಬರು ಹೊಲಿಗೆ ಬಲ್ಲವರು, ಒಬ್ಬರು ಪಾಠ ಮಾಡಿದ ಅನುಭವ ಇರುವವರು ಇರಲಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸಮಯ ಮಾತ್ರ ಶಾಲೆಯವರು ಹೇಳಿದ್ದೇ ಕೊನೆ. ಮಾಂಟೆಸ್ಸರಿ ಪದ್ಧತಿಯಲ್ಲಿ ಬೆಳಗ್ಗೆ ಸುಮಾರು ಮೂರು ಗಂಟೆ ಕಾಲ ಮಕ್ಕಳು ಅಡ್ಡಿಯಿಲ್ಲದೆ ತಮಗೆ ಬೇಕಾದ ಕೆಲಸ ಆರಿಸಿಕೊಂಡು ಮಾಡುತ್ತಾರೆ. ಅದನ್ನು ಅವರು ‘ಕೆಲಸ’ ಅಂತಲೇ ಕರೆಯುತ್ತಾರೆ, ಆಟ ಅನ್ನುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಭಾಷಣಕ್ಕೆ ಜಾಗ ಇಲ್ಲ. ಹಾರ, ಶಾಲು ಹಾಕಲೇಬೇಕೆಂದಿದ್ದರೆ ಟೀಚರುಗಳನ್ನು ಇನ್ನೊಂದು ಸಂಜೆ ಕ್ಲಬ್ಬಿನ ಸಭೆಗೆ ಕರೆದು, ಕೂರಿಸಿ, ಅವರ ಮಾತು ಕೇಳಿ ಹಾಕಿ. ನಾವು ಹಾಗೆ ಮಾಡಿದೆವು. ಆವತ್ತು ಆಯಮ್ಮನಿಗೂ ಶಾಲು ಹೊದಿಸಿದೆವು. ಯಾರ ಭಾಷಣಕ್ಕೂ ಬೀಳದ ಚಪ್ಪಾಳೆ ಅದಕ್ಕೆ ಬಿತ್ತು.

ಬಿಸ್ಕತ್ತು, ಚಾಕಲೇಟು ಒಯ್ಯಬೇಡಿ. ಯಾವ ಮಗುವಿಗೆ ಯಾವುದು ಒಗ್ಗುವುದಿಲ್ಲವೋ ನಮಗೆ ತಿಳಿಯದು. ಒಯ್ಯಲೇಬೇಕು ಅನಿಸಿದರೆ ಮೊದಲೇ ಕೇಳಿ, ಬಾಳೆಹಣ್ಣೋ ಸೀಬೆಹಣ್ಣೋ ಇಡೀದಾಗಿಯೇ ಕೊಡಿ. ಸಿಪ್ಪೆ ಸುಲಿಯುವುದು, ಹೆಚ್ಚುವುದು ಆ ಮಕ್ಕಳಿಗೆ ಅರ್ಧ ಗಂಟೆಯ ಕೆಲಸವಾಗುತ್ತದೆ.

ಫೋಟೋ ವಿಷಯದಲ್ಲಿ ನಾನು ಈಗ ಬಹಳ ಕಟ್ಟುನಿಟ್ಟು. ಮಕ್ಕಳ ಮುಖ ಬೇಡ. ತಂದೆತಾಯಿಯ ಒಪ್ಪಿಗೆ ಇಲ್ಲದೆ ಅವರ ಮಗುವಿನ ಮುಖವನ್ನು ನಮ್ಮ ವಾಟ್ಸಾಪ್ ಗುಂಪಿಗೋ ಪತ್ರಿಕೆಗೋ ಹಾಕುವುದು ಸರಿಯಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಕಪಾಟು, ನಲ್ಲಿ, ಸಾಮಾನು ಎಲ್ಲವನ್ನೂ ಹತ್ತಿರದಿಂದ ತೆಗೆದುಕೊಳ್ಳಿ. ಮುಂದಿನ ಕೆಲಸಕ್ಕೆ ಬೇಕಾಗುವುದೂ ಆ ಚಿತ್ರಗಳೇ.

ಒಳಗೆ ಕೂತಾಗ

ಚಪ್ಪಲಿ ಹೊರಗೆ, ಫೋನು ಆಫ್. ಎರಡು ಕೈಯನ್ನೂ ಮಡಿಲಲ್ಲಿ ಕಟ್ಟಿಕೊಳ್ಳಿ. ಇದು ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕಟ್ಟಿಕೊಳ್ಳಬೇಕು. ದೊಡ್ಡವರ ಕೈ ಸುಮ್ಮನಿರುವುದಿಲ್ಲ. ಗುಂಡಿ ಸಿಗದ ಮಗು ಕಂಡರೆ ಹಾಕಿಕೊಡೋಣ ಅನಿಸುತ್ತದೆ, ನೀರು ಚೆಲ್ಲಿದರೆ ಒರೆಸೋಣ ಅನಿಸುತ್ತದೆ. ಅಲ್ಲಿ ಚೆಲ್ಲಿದ ನೀರಿಗೆ ಸ್ಪಂಜು ಇರುತ್ತದೆ, ಎಲ್ಲಿದೆ ಅಂತ ಚೆಲ್ಲಿದ ಮಗುವಿಗೇ ಗೊತ್ತಿರುತ್ತದೆ.

“ಹೆಸರೇನು ಕಂದ? ಎಲ್ಲಿ, ಒಂದು ರೈಮ್ ಹೇಳು ನೋಡೋಣ.” ಈ ಎರಡು ವಾಕ್ಯ ನಮ್ಮ ನಾಲಿಗೆ ತುದಿಯಲ್ಲೇ ಇರುತ್ತವೆ. ತಡೆಯಿರಿ. ಮಗು ತಾನಾಗಿ ಬಂದು ಏನಾದರೂ ಕೇಳಿದರೆ ಮೆಲ್ಲನೆ ನಿಜವಾದ ಉತ್ತರ ಕೊಡಿ. ನನ್ನ ಹತ್ತಿರ ಒಬ್ಬಳು ಬಂದು “ನಿಮ್ಮ ಮೀಸೆ ಯಾಕೆ ಎರಡು ಬಣ್ಣ?” ಅಂದಳು. “ವಯಸ್ಸಾಯಿತಲ್ಲ, ಬೆಳ್ಳಗಾಗುತ್ತಿದೆ” ಅಂದೆ. ಸರಿ ಅಂತ ತಲೆಯಾಡಿಸಿ ತನ್ನ ಕೆಲಸಕ್ಕೆ ಹೋದಳು.

ಏನು ನೋಡಬೇಕು? ಒಂದು ಮಗುವನ್ನು ಆರಿಸಿಕೊಂಡು ಇಪ್ಪತ್ತು ನಿಮಿಷವೂ ಅದನ್ನೇ ನೋಡಿ. ಗಡಿಯಾರ ನೋಡಿಕೊಳ್ಳಿ. ನಾನು ನೋಡಿದ ಹುಡುಗಿ ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬೊಂದನ್ನು ಬೆಳಗುತ್ತಿದ್ದಳು. ಉಜ್ಜಿ, ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೊದಲಿಂದ ಉಜ್ಜಲು ಕೂತಳು. ಹದಿನೇಳು ನಿಮಿಷ. ಮೂರೂವರೆ ವರ್ಷದ ಮಗು ಒಂದು ಕಡೆ ಐದು ನಿಮಿಷ ಕೂರುವುದಿಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದವನು ನಾನು.

ಇನ್ನೊಂದು ನೋಡಿ: ತಪ್ಪನ್ನು ಯಾರು ತೋರಿಸುತ್ತಾರೆ? ಆ ಗುಲಾಬಿ ಗೋಪುರದಲ್ಲಿ ಹತ್ತು ಘನ. ದೊಡ್ಡದು 10 ಸೆಂಟಿಮೀಟರ್, ಆಮೇಲೆ ಒಂದೊಂದೇ ಸೆಂಟಿಮೀಟರ್ ಕಡಿಮೆಯಾಗುತ್ತ ಚಿಕ್ಕದು 1 ಸೆಂಟಿಮೀಟರ್. ಬಣ್ಣ ಎಲ್ಲಕ್ಕೂ ಒಂದೇ, ಆದ್ದರಿಂದ ಮಗುವಿನ ಗಮನಕ್ಕೆ ಬರುವುದು ಗಾತ್ರ ಮಾತ್ರ. ಒಂದು ತಪ್ಪಿಟ್ಟರೆ ಗೋಪುರವೇ ಹೇಳುತ್ತದೆ, ಟೀಚರ್ ಹೇಳಬೇಕಾಗಿಲ್ಲ. ಪ್ಲೈವುಡ್ ಅಳೆದೇ ಜೀವನ ಮಾಡಿದ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಆ ದೊಡ್ಡ ಘನದೊಳಗೆ ಚಿಕ್ಕ ಘನ ಸರಿಯಾಗಿ 1000 ಹಿಡಿಯುತ್ತವೆ. ಮಗುವಿಗೆ ಇದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಕೈಗೆ ಭಾರವಾಗಿ ಗೊತ್ತಾಗಿರುತ್ತದೆ. ಮುಂದೆ ಮಣಿಗಳಲ್ಲಿ ಒಂದು, ಹತ್ತರ ಸರ, ನೂರರ ಚೌಕ, ಸಾವಿರದ ಘನ ಬಂದಾಗ ಅದೇ ಲೆಕ್ಕ ಮತ್ತೆ ಎದುರಾಗುತ್ತದೆ.

ಟೀಚರ ದನಿಯನ್ನೂ ಗಮನಿಸಿ. ಮೂವತ್ತು ಮಕ್ಕಳ ಕೋಣೆಯಲ್ಲಿ ಅವರು ಒಂದು ಸಲವೂ ಈ ತುದಿಯಿಂದ ಆ ತುದಿಗೆ ಕೂಗಲಿಲ್ಲ. ಏನೇ ಹೇಳಬೇಕಾದರೂ ಮಗುವಿನ ಹತ್ತಿರ ನಡೆದು ಹೋಗಿ, ಮಂಡಿಯೂರಿ, ಮುಖದ ಮಟ್ಟಕ್ಕೆ ಬಂದು ಹೇಳುತ್ತಿದ್ದರು.

ಮಕ್ಕಳು ಹೋದ ಮೇಲೆ ಟೇಪು ತೆಗೆಯಿರಿ. ಕಪಾಟಿನ ಮೇಲಿನ ಹಲಗೆ ನೆಲದಿಂದ ಎಷ್ಟು, ಕುರ್ಚಿಯ ಕೂರುವ ಮಟ್ಟ ಎಷ್ಟು, ಕೈ ತೊಳೆಯುವ ನಲ್ಲಿ ಎಷ್ಟು ಎತ್ತರದಲ್ಲಿದೆ, ಶೌಚಾಲಯದ ಚಿಲಕ ಎಲ್ಲಿದೆ. ನಾನು ಅಳೆದ ಶಾಲೆಯಲ್ಲಿ ಕುರ್ಚಿ 11 ಇಂಚು, ನಲ್ಲಿ 20 ಇಂಚು, ಕಪಾಟು 30 ಇಂಚು. ಇಷ್ಟು ಅಂಕಿ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದದ್ದರಿಂದ ನಮಗಾದ ಉಪಯೋಗ ದೊಡ್ಡದು.

ವಾಪಸ್ಸು ಬಂದ ಮೇಲೆ

ಅವತ್ತೇ ಕೂರಿ, ನಾಳೆಗೆ ಬಿಡಬೇಡಿ. ನಾವು ಹೋಟೆಲಿನಲ್ಲಿ ಮಸಾಲೆ ದೋಸೆ ಮುಂದಿಟ್ಟುಕೊಂಡು ಕೂತೆವು. ಪ್ರತಿಯೊಬ್ಬರೂ ಕಂಡದ್ದೊಂದನ್ನು ಹೇಳಬೇಕು. ಅಭಿಪ್ರಾಯ ಬೇಡ, ಕಂಡದ್ದು. “ತುಂಬಾ ಚೆನ್ನಾಗಿತ್ತು” ಅಂದರೆ ಲೆಕ್ಕಕ್ಕಿಲ್ಲ. “ಗಾಜಿನ ಲೋಟ ಕೊಟ್ಟಿದ್ದಾರೆ, ಮಗು ಎರಡು ಕೈಯಲ್ಲಿ ಹಿಡಿದಿತ್ತು” ಅಂದರೆ ಬರೆದುಕೊಳ್ಳಿ.

ನಮ್ಮ ಖಜಾಂಚಿಗಳು ಆಗ ಒಂದು ಮಾತು ಹೇಳಿದರು: ಇವೆಲ್ಲ ದುಡ್ಡಿದ್ದವರ ಮಕ್ಕಳಿಗೆ, ನಮ್ಮ ಹಳ್ಳಿ ಮಕ್ಕಳಿಗೆ ಎಲ್ಲಿಂದ ಬರಬೇಕು ಅಂತ. ಆದರೆ ಈ ಪದ್ಧತಿ ಕಟ್ಟಿದ ಮಾರಿಯಾ ಮಾಂಟೆಸ್ಸರಿ ಅಮ್ಮ ತನ್ನ ಮೊದಲ ಮಕ್ಕಳ ಮನೆಯನ್ನು 1907ರ ಜನವರಿ 6ರಂದು ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗಿ, ಹಗಲೆಲ್ಲ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಮಕ್ಕಳಿಗಾಗಿ. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಬಂದು, ಯುದ್ಧದ ದೆಸೆಯಿಂದ ವರ್ಷಗಟ್ಟಲೆ ಇಲ್ಲೇ ಉಳಿದು, ನಮ್ಮ ದೇಶದ ಟೀಚರುಗಳಿಗೆ ತರಬೇತಿ ಕೊಟ್ಟರು. ಇನ್ನು ನಮ್ಮ ತಾಲ್ಲೂಕೇನು ಕಡಿಮೆಯೇ? 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಆರಿಸಿಕೊಂಡದ್ದು ತಿ. ನರಸೀಪುರವನ್ನೇ, 100 ಅಂಗನವಾಡಿಗಳೊಂದಿಗೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ನಲಿಯುತ್ತ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಅಂದಿದೆ; ಅದರ ಮೊದಲ ಮೂರು ವರ್ಷ ಹಳ್ಳಿಯಲ್ಲಿ ಬಹುಪಾಲು ನಡೆಯುವುದು ಅಂಗನವಾಡಿಯಲ್ಲೇ. ಮೈಸೂರಿನಲ್ಲಿ ಕಂಡದ್ದು ಹಳ್ಳಿಗೆ ಬಾರದಿದ್ದರೆ ನಾವು ಬಸ್ಸಿಗೆ ಡೀಸೆಲ್ ಸುಟ್ಟದ್ದಷ್ಟೇ ಆಯಿತು.

ಆದರೆ ಸಾಮಾನು ತೆಗೆದುಕೊಂಡು ನೇರ ಅಂಗನವಾಡಿಗೆ ನುಗ್ಗಬೇಡಿ. ಅದು ಇನ್ನೊಂದು ಹತ್ತನೇ ಘನ. ಮೊದಲು ಅಲ್ಲಿಯ ಟೀಚರ್ ಒಬ್ಬರನ್ನು, ಇಲಾಖೆಯ ಮೇಲ್ವಿಚಾರಕಿಯ ಒಪ್ಪಿಗೆ ಪಡೆದು, ಅದೇ ಮೈಸೂರಿನ ಶಾಲೆಗೆ ಕರೆದುಕೊಂಡು ಹೋಗಿ. ನಾವು ಮೂರನೇ ಭೇಟಿಗೆ ಇಬ್ಬರು ಕಾರ್ಯಕರ್ತೆಯರನ್ನು ಕರೆದೊಯ್ದೆವು. ನಾವು ಆರು ಜನ ಎರಡು ಸಲದಲ್ಲಿ ಕಾಣದ್ದನ್ನು ಅವರು ಒಂದು ಗಂಟೆಯಲ್ಲಿ ಕಂಡರು. “ಅಣ್ಣಾ, ಇಲ್ಲಿ ಒಂದೊಂದು ಸಾಮಾನೂ ಒಂದೊಂದೇ ಇಟ್ಟವ್ರೆ. ಇನ್ನೊಬ್ರು ತಗೊಂಡಿದ್ರೆ ಕಾಯ್ಬೇಕು. ಕಾಯೋದೂ ಕಲೀತವೆ” ಅಂತ ಒಬ್ಬಾಕೆ ಅಂದದ್ದು ನನಗೆ ಹೊಸದು. ಅಲ್ಲಿಯತನಕ ನಾನು ಮೂವತ್ತು ಮಕ್ಕಳಿಗೆ ಮೂವತ್ತು ಸೆಟ್ಟಿನ ಲೆಕ್ಕ ಹಾಕುತ್ತಿದ್ದೆ.

ಅವರು ಕೇಳಿದ್ದೇನು ಗೊತ್ತೇ? ನಲ್ಲಿ ಕೆಳಗಿಳಿಸಿಕೊಡಿ, ಕಪಾಟಿನ ಬಾಗಿಲು ತೆಗೆದುಹಾಕಿ, ಇಪ್ಪತ್ತು ಚಾಪೆ ಕೊಡಿ. ಜಾರುಬಂಡೆಯನ್ನೂ ಕೇಳಲಿಲ್ಲ, ಗೋಡೆಗೆ ಕಾರ್ಟೂನು ಬರೆಸಿಕೊಡಿ ಅಂತಲೂ ಅನ್ನಲಿಲ್ಲ. ಚಾಪೆ ಅಂದರೆ ಎರಡು ಅಡಿಗೆ ಮೂರು ಅಡಿಯ ಜಮಖಾನೆ ಚೂರು, ಅಂಚು ಹೊಲಿಸಿದ್ದು, ನಾಲ್ಕು ವರ್ಷದ ಮಗು ತಾನೇ ಸುತ್ತಿಡುವಂಥದ್ದು. ಅಷ್ಟು ಜಾಗ ಆ ಮಗುವಿನ ಕೆಲಸದ ಜಾಗ, ಬೇರೆ ಯಾರೂ ತುಳಿಯುವ ಹಾಗಿಲ್ಲ.

ಊರಲ್ಲೇ ಮಾಡಿಸುವ ಸಾಮಾನು

ಇದು ನನಗೆ ಪ್ರೀತಿಯ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಗುಂಡಿ ಹಾಕುವ ಚೌಕಟ್ಟು ಸುಲಭ. ಒಂದಡಿ ಚದರದ ಮರದ ಚೌಕಟ್ಟಿಗೆ ಎರಡು ಪಟ್ಟಿ ಬಟ್ಟೆ ಬಿಗಿದು, ನಡುವೆ ಒಂದು ಚೌಕಟ್ಟಿನಲ್ಲಿ ದೊಡ್ಡ ಗುಂಡಿ, ಒಂದರಲ್ಲಿ ಟಿಚ್ ಬಟನ್, ಒಂದರಲ್ಲಿ ಹುಕ್ಕು, ಒಂದರಲ್ಲಿ ಲಾಡಿ. ನಮ್ಮ ಟೈಲರ್ ಸದಸ್ಯರು ಒಂದು ಭಾನುವಾರದಲ್ಲಿ ಮುಗಿಸಿದರು. ಗಟ್ಟಿ ಬಟ್ಟೆಯನ್ನೇ ಹಾಕಿ, ತೆಳುವಾದರೆ ಕಾಜ ಬೇಗ ಹರಿಯುತ್ತದೆ.

ಮರಳು ಅಕ್ಷರಗಳಿಗೆ ಮಾತ್ರ ಎಚ್ಚರ ಬೇಕು. 6 ಮಿಲಿಮೀಟರ್ ಪ್ಲೈವುಡ್ ಹಲಗೆಯ ಮೇಲೆ ಎಮರಿ ಪೇಪರಿನಲ್ಲಿ (ಮರ ಉಜ್ಜುವ ಒರಟು ಕಾಗದ) ಕತ್ತರಿಸಿದ ಅಕ್ಷರ ಅಂಟಿಸಬೇಕು. ಮಗು ಎರಡು ಬೆರಳಿನಿಂದ ಅದನ್ನು ಬರೆಯುವ ದಿಕ್ಕಿನಲ್ಲೇ ಸವರುತ್ತ, ಬಾಯಲ್ಲಿ ಆ ಅಕ್ಷರದ ಸದ್ದು ಹೇಳುತ್ತದೆ. ನಾನು ಮೊದಲು ಅಂಗಡಿಯಲ್ಲಿದ್ದ 80 ನಂಬರಿನ ಕಾಗದ ತೆಗೆದೆ. ಬಹಳ ಒರಟು, ನಾಲ್ಕು ಸಲ ಸವರಿದರೆ ನನ್ನ ಬೆರಳೇ ಉರಿಯಿತು. 150ರಿಂದ 180ರ ಕಾಗದ ಸರಿ. ಎರಡನೇ ತಪ್ಪು: ಕಾಗದದ ಹಿಂಬದಿಯಲ್ಲಿ ಅಕ್ಷರ ಬರೆದು ಕತ್ತರಿಸಿದೆ, ತಿರುಗಿಸಿದರೆ ಎಲ್ಲ ಕನ್ನಡಿಯೊಳಗಿನ ಅಕ್ಷರ! ಹಿಂಬದಿಯಲ್ಲಿ ಬರೆಯುವುದಾದರೆ ಉಲ್ಟಾ ಬರೆಯಬೇಕು. ಇಲ್ಲವೇ ಮುಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದು ಕತ್ತರಿಸಿ. ಕನ್ನಡದ ಅಕ್ಷರ ದುಂಡು, ದೊಡ್ಡ ಕತ್ತರಿ ತಿರುಗುವುದಿಲ್ಲ, ಉಗುರು ಕತ್ತರಿಸುವ ಸಣ್ಣ ಕತ್ತರಿ ಬೇಕು. ಎಲ್ಲಿಂದ ಬರೆಯಲು ಶುರುಮಾಡಬೇಕು ಅನ್ನುವ ಕಡೆ ಒಂದು ಚುಕ್ಕೆ ಇಡಿ. ಯಾವ ಅಕ್ಷರಕ್ಕೆ ಎಲ್ಲಿ ಅಂತ ಟೀಚರನ್ನೇ ಕೇಳಿ. ತಲೆಕಟ್ಟು ಮೊದಲೋ ಕೊನೆಯೋ ಅನ್ನುವ ಬಗ್ಗೆ ನಮ್ಮ ನಮ್ಮಲ್ಲೇ ಜಗಳವಾಗಿತ್ತು.

49 ಅಕ್ಷರವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ನಲಿ-ಕಲಿಯಲ್ಲಿ ಶುರುವಾಗುವುದು ರ, ಗ, ಸ, ದ, ಅ ದಿಂದ. ಆ ಐದು ಬಂದರೆ ‘ಅರಸ’, ‘ಸರ’, ‘ದರ’, ‘ಅಗಸ’ ಕೈಗೆ ಬಂದವು. ಮುಂದೆ ಒಂದನೇ ತರಗತಿಗೂ ಅದೇ ದಾರಿ ಸಿಗುತ್ತದೆ. ಐದು ಮಾಡಿ ಕೊಟ್ಟು, ಮಕ್ಕಳು ಹೇಗೆ ಬಳಸುತ್ತಾರೆ ನೋಡಿ, ಆಮೇಲೆ ಜ, ವ, ಮ, ಬ, ನ.

ಮರದ ಸಾಮಾನಿಗೆ ಚನ್ನಪಟ್ಟಣ ಇದ್ದೇ ಇದೆ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಕೊಡುವ ಕೈಗಳು ಅಲ್ಲಿವೆ. ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಆದರೆ ಗೋಪುರದ ಘನ ಕಡೆಯುವ ಕೆಲಸವಲ್ಲ, ಕೊಯ್ಯುವ ಕೆಲಸ. ಅದನ್ನು ನಮ್ಮ ಬಡಗಿಯೇ ರಬ್ಬರ್ ಮರದಲ್ಲಿ ಮಾಡಿದರು. ಒಣಗಿದ ಮರ ಬೇಕು, ಹಸಿ ಮರ ಆಮೇಲೆ ಸೊಟ್ಟಗಾಗಿ ಗೋಪುರ ತಾನೇ ಬೀಳುತ್ತದೆ, ತಪ್ಪು ಮಗುವಿನದಾಗುತ್ತದೆ. ಅಂಚುಗಳನ್ನು ಚುಚ್ಚದಷ್ಟು ಮಾತ್ರ ತಿಕ್ಕಿ, ದುಂಡಗೆ ಮಾಡಿದರೆ ಅಳತೆ ಕೆಡುತ್ತದೆ.

ಬಣ್ಣದ ಬಗ್ಗೆ ಅಂಗಡಿಯವನಾಗಿ ಹೇಳುತ್ತೇನೆ. ಮೂಲೆಯಲ್ಲಿ ಹತ್ತು ವರ್ಷದಿಂದ ಉಳಿದ ಡಬ್ಬಿ ತಂದು ಬಳಿಯಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಡಬ್ಬಿಯ ಮೇಲೆ ತಯಾರಾದ ದಿನ ಮತ್ತು ಸೀಸದ ಬಗ್ಗೆ ಬರೆದಿರುವುದನ್ನು ಓದಿ. ಅಂಗಡಿಯಿಂದ ಆಟಿಕೆ ಕೊಳ್ಳುವುದಾದರೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ (ಜಿಐ) ಕರಕುಶಲ ಆಟಿಕೆಗೆ ಅದರಿಂದ ವಿನಾಯಿತಿ ಇದೆ.

ಕಾಳು ಬೇರ್ಪಡಿಸುವ ಆಟ ಎಲ್ಲರಿಗೂ ಹೊಳೆಯುತ್ತದೆ, ಖರ್ಚಿಲ್ಲ. ಆದರೆ ಕಡಲೆ, ಹುರುಳಿ ಮೂಗಿಗೆ ಹೋಗುತ್ತವೆ. ಚಿಕ್ಕವರಿಗೆ ದೊಡ್ಡ ಮುಚ್ಚಳ, ಮರದ ಬಳೆ ಕೊಡಿ. ಗೋಪುರದ 1 ಸೆಂಟಿಮೀಟರ್ ಘನ ಕೂಡ ಮೂರು ತುಂಬದ ಮಗುವಿನ ಕೈಗೆ ಸಿಗುವ ಹಾಗೆ ಇಡಬಾರದು.

ಬೀಗ

ಇದನ್ನು ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ. ಕೆಲವು ವರ್ಷದ ಹಿಂದೆ ನಾವು ಒಂದು ಅಂಗನವಾಡಿಗೆ ಆಟಿಕೆಯ ದೊಡ್ಡ ಪೆಟ್ಟಿಗೆ ಕೊಟ್ಟಿದ್ದೆವು. ಆರು ತಿಂಗಳ ಮೇಲೆ ಹೋದರೆ ಪೆಟ್ಟಿಗೆ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಸಮೇತ, ಬೀಗದೊಳಗೆ. ಸಿಟ್ಟು ಬಂತು. ಕೇಳಿದಾಗ ಆ ತಾಯಿ ಹೇಳಿದರು: “ದಾಸ್ತಾನು ವಹಿಗೆ ಏರಿಸಿದ್ದೀನಿ ಸಾರ್. ಒಂದು ಚೂರು ಕಮ್ಮಿ ಆದ್ರೂ ತನಿಖೆಗೆ ಬಂದೋರು ನನ್ನೇ ಕೇಳ್ತಾರೆ.” ಅವರು ಹೇಳಿದ್ದು ಸರಿಯಾಗಿತ್ತು. ಮುರಿಯುವ ಹಕ್ಕು ಕೊಡದೆ ನಾವು ಸಾಮಾನು ಕೊಟ್ಟಿದ್ದೆವು.

ಅದಕ್ಕೆ ಈಗ ಸಾಮಾನಿನ ಜೊತೆ ಒಂದು ಪತ್ರ ಕೊಡುತ್ತೇವೆ. ಇವು ಮಕ್ಕಳು ದಿನವೂ ಬಳಸಲು ಕೊಟ್ಟ ವಸ್ತುಗಳು, ಸವೆದರೆ, ಮುರಿದರೆ, ಕಳೆದರೆ ಕ್ಲಬ್ಬು ಬದಲಿ ಕೊಡುತ್ತದೆ ಅಂತ. ಒಂದು ಪ್ರತಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯುತ್ತೇವೆ, ಒಂದು ಅಂಗನವಾಡಿಯ ಬಾಲವಿಕಾಸ ಸಮಿತಿಗೆ, ಒಂದು ಟೀಚರ ಕೈಗೆ. ಕಳೆದ ಸಲ ಹೋದಾಗ ಗೋಪುರದ ಮೂರು ಘನದ ಮೂಲೆ ಜಜ್ಜಿತ್ತು, ‘ಸ’ ಅಕ್ಷರದ ಮರಳು ಸವೆದು ನುಣ್ಣಗಾಗಿತ್ತು. ಅದನ್ನು ಕಂಡು ನನಗಾದ ಸಂತೋಷ ಯಾವ ಪದಗ್ರಹಣದಲ್ಲೂ ಆಗಿಲ್ಲ.

ಆದ್ದರಿಂದ ಆಯವ್ಯಯದಲ್ಲಿ ಅರ್ಧ ಹಣವನ್ನು ಮೊದಲ ದಿನಕ್ಕೆ ಇಡಿ, ಇನ್ನರ್ಧವನ್ನು ವರ್ಷದ ದುರಸ್ತಿಗೆ. ಹೊಸ ಅಧ್ಯಕ್ಷರು ಬಂದಾಗ ಇದು ನಿಲ್ಲದಂತೆ ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ. ತಿಂಗಳಿಗೊಮ್ಮೆ ಇಬ್ಬರು ಹೋಗಿ, ಮಕ್ಕಳು ಮನೆಗೆ ಹೊರಟ ಮೇಲೆ. ನನ್ನ ಚೀಲದಲ್ಲಿ ಇರುವುದು ಇಷ್ಟು: ಸ್ಕ್ರೂಡ್ರೈವರ್, ಫೆವಿಕಾಲ್, 180ರ ಎಮರಿ ಪೇಪರ್ ನಾಲ್ಕು ಹಾಳೆ, ಸಣ್ಣ ಕತ್ತರಿ, ನಲ್ಲಿಗೆ ಒಂದು ವಾಷರ್, ಹತ್ತು ಗುಂಡಿ, ಸೂಜಿ ದಾರ, ಮತ್ತು 1 ಸೆಂಟಿಮೀಟರಿನ ಗುಲಾಬಿ ಘನ ಆರು. ಕಳೆದುಹೋಗುವುದು ಯಾವಾಗಲೂ ಅದೇ.